ಎರಡನೇ ಲೆನ್ಸ್ ಕೊಳ್ಳುವ ಮುನ್ನ ಹಳೆಯ ಫೋಟೋಗಳ ಲೆಕ್ಕ ಬರೆಯಿರಿ

ಕ್ಯಾಮೆರಾ ಕೊಂಡು ಆರು ತಿಂಗಳಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎರಡನೇ ಲೆನ್ಸ್ ಯಾವುದು ತಗೊಳ್ಳಲಿ?" ಅಂಗಡಿಯವರನ್ನು ಕೇಳಿದರೆ ಒಂದು ಉತ್ತರ, ಸ್ಟುಡಿಯೋದವರನ್ನು ಕೇಳಿದರೆ ಇನ್ನೊಂದು, ವಿಡಿಯೋ ನೋಡಿದರೆ ಮತ್ತೊಂದು. ಯಾರ ಉತ್ತರವೂ ತಪ್ಪಲ್ಲ. ಆದರೆ ಅವರಲ್ಲಿ ಯಾರೂ ನಾವು ತೆಗೆದ ಫೋಟೋಗಳನ್ನು ನೋಡಿರುವುದಿಲ್ಲ. ಉತ್ತರ ಇರುವುದು ಆ ಫೋಟೋಗಳಲ್ಲೇ. ಅದನ್ನು ಓದುವುದು ಹೇಗೆ ಎಂದು ಹೇಳುವುದು ಈ ಲೇಖನದ ಉದ್ದೇಶ.

ನನಗೂ ಈ ಪ್ರಶ್ನೆ ಈಗ ತುರ್ತಾಗಿದೆ. ಬರುವ ಜನವರಿಯಲ್ಲಿ ಆಪಾಳ ನಿಕಾಹ್. ನಮ್ಮ ಮನೆಗಳಲ್ಲಿ ಹೆಂಗಸರ ಕಡೆ ಹೊರಗಿನ ಫೋಟೋಗ್ರಾಫರ್ ಬರುವುದಿಲ್ಲ. ಆದ್ದರಿಂದ ಕ್ಯಾಮೆರಾ ಇರುವ ಹುಡುಗಿಗೇ ಆ ಕೆಲಸ ಬೀಳುತ್ತದೆ. ಲೆನ್ಸ್ ವಿಷಯ ಎತ್ತಿದಾಗ ಅಮ್ಮಿ, "ಒಂದು ಕ್ಯಾಮೆರಾಗೆ ಎಷ್ಟು ಕಣ್ಣು ಬೇಕು ಬೇಟಾ?" ಎಂದು ಕೇಳಿದರು. ತಮಾಷೆಯಾಗಿ ಕೇಳಿದರೂ ಪ್ರಶ್ನೆ ಸರಿಯಾಗಿಯೇ ಇದೆ. ನನ್ನ ಹತ್ತಿರ ಇರುವುದು ಎರಡು ವರ್ಷದ ಈದಿಯ ಹಣ ಮತ್ತು ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ಹಣ. ಪಿಯುಸಿ ಮುಗಿದ ಮೇಲೆ ಸಿ.ಎ. ಫೌಂಡೇಶನ್‌ಗೆ ಸೇರಬೇಕೆಂದಿದ್ದೇನೆ. ಅದಕ್ಕೂ ಇದೇ ಹಣ ಬೇಕು. ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚ ಎಂದರೆ ಇದೇ: ಒಂದನ್ನು ಆರಿಸಿದಾಗ ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆ.

ಫೋಟೋದ ಒಳಗಿನ ಲೆಕ್ಕ

ಕ್ಯಾಮೆರಾ ಪ್ರತಿ ಫೋಟೋದ ಜೊತೆಗೆ ಕೆಲವು ಅಂಕಿಗಳನ್ನು ತಾನೇ ಬರೆದಿಡುತ್ತದೆ. ಕಂಪ್ಯೂಟರ್‌ನಲ್ಲಿ ಫೋಟೋ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ತೆರೆದರೆ ಅವು ಕಾಣುತ್ತವೆ. ನಮಗೆ ಬೇಕಾದವು ನಾಲ್ಕು.

ಮೊದಲನೆಯದು ಫೋಕಲ್ ಲೆಂತ್. ಹೈಸ್ಕೂಲಿನಲ್ಲಿ ಮಸೂರದ ಪಾಠದಲ್ಲಿ ಓದಿದ ಸಂಗಮ ದೂರವೇ ಇದು. ಸಂಖ್ಯೆ ಚಿಕ್ಕದಾದರೆ ಹೆಚ್ಚು ಜಾಗ ಕಾಣುತ್ತದೆ, ದೊಡ್ಡದಾದರೆ ದೂರದ ವಸ್ತು ಹತ್ತಿರ ಬರುತ್ತದೆ. ಎರಡನೆಯದು ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿಯ ಅಳತೆ. ಮೂರನೆಯದು ಶಟರ್ ವೇಗ, ಆ ಕಿಂಡಿಯಿಂದ ಎಷ್ಟು ಹೊತ್ತು ಬೆಳಕು ಬಿತ್ತು ಎಂಬುದು. ನಾಲ್ಕನೆಯದು ಐಎಸ್ಒ. ಇದನ್ನು ಏರಿಸಿದಷ್ಟೂ ಕಡಿಮೆ ಬೆಳಕಿನಲ್ಲಿ ಫೋಟೋ ಬರುತ್ತದೆ, ಆದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ.

ನಿಮ್ಮ ಹಳೆಯ ಫೋಟೋಗಳಲ್ಲಿ ಎರಡು ಗುಂಪು ಮಾಡಿ: ನಿಮಗೆ ತುಂಬ ಇಷ್ಟವಾದವು, ಮತ್ತು ಇಷ್ಟಪಟ್ಟು ತೆಗೆದರೂ ಸರಿಯಾಗಿ ಬಾರದವು. ಎರಡನೇ ಗುಂಪಿನ ಪ್ರತಿ ಫೋಟೋದ ನಾಲ್ಕು ಅಂಕಿಗಳನ್ನು ಒಂದು ನೋಟ್‌ಬುಕ್‌ನಲ್ಲಿ ಸಾಲಾಗಿ ಬರೆಯಿರಿ. ಪಕ್ಕದಲ್ಲಿ ತೊಂದರೆ ಏನೆಂದು ಒಂದು ಮಾತು: ಅಲುಗಿದೆ, ದೂರವಾಯಿತು, ಜಾಗ ಸಾಲಲಿಲ್ಲ. ಜರ್ನಲ್‌ನಿಂದ ಲೆಡ್ಜರ್‌ಗೆ ಹಾಕುವ ಹಾಗೆ, ಒಂದೇ ರೀತಿಯ ತೊಂದರೆಗಳನ್ನು ಒಂದು ಕಡೆ ಸೇರಿಸಿ. ಯಾವ ಖಾತೆ ದೊಡ್ಡದಾಗುತ್ತದೋ ಅದೇ ನಿಮ್ಮ ಎರಡನೇ ಲೆನ್ಸ್ ಮಾಡಬೇಕಾದ ಕೆಲಸ.

ಮೂರು ಖಾತೆ, ಮೂರು ಲೆನ್ಸ್

ಹೊಸಬರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಮೆರಾ ಜೊತೆಗೇ ಬರುವ 18-55 ಮಿ.ಮೀ. ಲೆನ್ಸ್. ನನ್ನದು ಕ್ಯಾನನ್ 1500ಡಿ. ಅದರ 18-55ರ ಅಪರ್ಚರ್ 18ರಲ್ಲಿ ಎಫ್/3.5, 55ರಲ್ಲಿ ಎಫ್/5.6. ಈ ಲೆನ್ಸ್ ಸೋಲುವುದು ಮುಖ್ಯವಾಗಿ ಮೂರು ಕಡೆ.

ಮೊದಲ ಖಾತೆ: ದೂರ. ನಮ್ಮ ಶಿವಮೊಗ್ಗದವರಿಗೆ ಮಂಡಗದ್ದೆ ಗೊತ್ತಿದೆ. ತೀರ್ಥಹಳ್ಳಿ ರಸ್ತೆಯಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ದಡದಿಂದ 55ರಲ್ಲಿ ತೆಗೆದರೆ ಹಕ್ಕಿ ಬಿಳಿ ಚುಕ್ಕೆಯಂತೆ ಕಾಣುತ್ತದೆ. ನಿಮ್ಮ ಪುಸ್ತಕದ ತುಂಬ "55, ದೂರವಾಯಿತು" ಎಂದೇ ಇದ್ದರೆ 55-250 ಮಿ.ಮೀ. ಲೆನ್ಸ್ ನಿಮ್ಮದು. ನಿಕಾನ್‌ನಲ್ಲಾದರೆ 70-300. 250ರಲ್ಲಿ ಅದೇ ಹಕ್ಕಿ ನಾಲ್ಕೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಇದಕ್ಕೆ ಹಗಲಿನ ಬೆಳಕು ಬೇಕು. 250ರಲ್ಲಿ ಕೈಯ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಎರಡನೇ ಖಾತೆ: ಜಾಗ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎಲ್ಲರೂ ಫೋಟೋದೊಳಗೆ ಬರುವುದಿಲ್ಲ, ಪುಸ್ತಕದಲ್ಲಿ ಎಲ್ಲ ಕಡೆ 18 ಎಂದೇ ಇದೆ. ಇವರಿಗೆ 10-18 ಮಿ.ಮೀ.ನಂಥ ಅಗಲದ ಲೆನ್ಸ್ ಸಹಾಯಕ. ಆದರೆ ಅಂಚಿನಲ್ಲಿ ನಿಂತವರ ಮುಖ ಎಳೆದಂತೆ ಕಾಣುತ್ತದೆ. ಕಟ್ಟಡ, ಬೆಟ್ಟ ತೆಗೆಯುವವರಿಗೆ ಇದು ಹೆಚ್ಚು ಒಪ್ಪುತ್ತದೆ.

ಮೂರನೇ ಖಾತೆ: ಬೆಳಕು. ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ಇಲ್ಲಿಗೇ ಬಂದವು. ಮನೆಯೊಳಗೆ, ಸಂಜೆ, ಟ್ಯೂಬ್‌ಲೈಟಿನ ಬೆಳಕು, ಫೋಕಲ್ ಲೆಂತ್ 50ರ ಆಸುಪಾಸು, ಅಪರ್ಚರ್ 5.6, ಐಎಸ್ಒ 1600, ಶಟರ್ ವೇಗ 1/15 ಸೆಕೆಂಡ್. ತೊಂದರೆ: ಅಲುಗಿದೆ. ದಾದಿ ನಗುತ್ತಾರೆ, ಆದರೆ ಫೋಟೋದಲ್ಲಿ ನಗು ಮಂಜಾಗಿದೆ.

ಈ ಖಾತೆಯವರಿಗೆ 50 ಮಿ.ಮೀ. ಎಫ್/1.8 ಲೆನ್ಸ್. ಇದರಲ್ಲಿ ಜೂಮ್ ಇಲ್ಲ. ಹತ್ತಿರ ಬೇಕಾದರೆ ನಾವೇ ನಡೆದು ಹೋಗಬೇಕು. ಕ್ಯಾನನ್, ನಿಕಾನ್ ಎರಡರಲ್ಲೂ ಕಡಿಮೆ ಬೆಲೆಯ ಲೆನ್ಸ್‌ಗಳ ಸಾಲಿಗೆ ಸೇರಿದ್ದು.

1.8 ಎಂದರೆ ಎಷ್ಟು ಲಾಭ?

ಎಫ್ ಸಂಖ್ಯೆ ಎಂದರೆ ಫೋಕಲ್ ಲೆಂತ್ ಅನ್ನು ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಉತ್ತರ. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿ.ಮೀ.ನಲ್ಲಿ ಎಫ್/5.6 ಎಂದರೆ ಕಿಂಡಿಯ ಅಗಲ ಸುಮಾರು 9 ಮಿ.ಮೀ.; ಎಫ್/1.8 ಎಂದರೆ ಸುಮಾರು 28 ಮಿ.ಮೀ. ಅಗಲ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟು. ಸರಿಯಾಗಿ ಲೆಕ್ಕ ಹಾಕಿದರೆ ಬೆಳಕು ಸುಮಾರು 9.7 ಪಟ್ಟು ಹೆಚ್ಚು. ಅಂದರೆ 1/15 ಸೆಕೆಂಡ್ ಬೇಕಿದ್ದ ಫೋಟೋಗೆ ಸುಮಾರು 1/145 ಸೆಕೆಂಡ್ ಸಾಕು. ಮಾತಾಡುತ್ತಾ ಕೂತವರ ಮುಖ ಅಷ್ಟರಲ್ಲಿ ಸ್ಪಷ್ಟವಾಗಿ ಬರುತ್ತದೆ.

"ನನ್ನ ಲೆನ್ಸ್‌ನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ?" ಎಂದು ಕೆಲವರು ಕೇಳಬಹುದು. ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು. ಎದುರಿಗಿರುವ ಮಗು ಓಡಿದರೆ ಅದಕ್ಕೆ ಆ ವ್ಯವಸ್ಥೆ ಏನೂ ಮಾಡಲಾರದು. ಅಲುಗಿದ ಫೋಟೋದಲ್ಲಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಮುಖ ಮಾತ್ರ ಮಂಜಾಗಿದ್ದರೆ ಅಲುಗಿದ್ದು ಆ ವ್ಯಕ್ತಿ. ಎಲ್ಲವೂ ಮಂಜಾಗಿದ್ದರೆ ಹೆಚ್ಚಾಗಿ ಅಲುಗಿದ್ದು ನಮ್ಮ ಕೈ. ಈ ವ್ಯತ್ಯಾಸವನ್ನೂ ಪುಸ್ತಕದಲ್ಲಿ ಬರೆಯಿರಿ.

ಖರ್ಚಿನ ಕಡೆಗೂ ನೋಡಬೇಕು. ಐದು ಅಡಿ ದೂರದ ಮುಖವನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಇಬ್ಬರು ಹಿಂದೆ ಮುಂದೆ ಕೂತರೆ ಒಬ್ಬರು ಸ್ಪಷ್ಟ, ಇನ್ನೊಬ್ಬರು ಮಂಜು. ಗುಂಪಿಗೆ ಎಫ್/4ರ ಕಡೆ ಹೋಗಬೇಕು, ಆಗ ಬೆಳಕಿನ ಲಾಭವೂ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ: ಮೆಹಂದಿಯ ಚಿತ್ತಾರ ಹತ್ತಿರದಿಂದ ತೆಗೆಯಲು 50 ಅಷ್ಟು ಒಳ್ಳೆಯದಲ್ಲ. ಕ್ಯಾನನ್‌ನ 50 ಎಸ್‌ಟಿಎಂ 35 ಸೆಂ.ಮೀ.ಗಿಂತ ಹತ್ತಿರದ ವಸ್ತುವನ್ನು ಫೋಕಸ್ ಮಾಡುವುದಿಲ್ಲ. 18-55 ಆದರೆ 25 ಸೆಂ.ಮೀ.ವರೆಗೂ ಹೋಗುತ್ತದೆ. ಆ ಕೆಲಸಕ್ಕೆ ಹಳೆಯ ಲೆನ್ಸೇ ಮೇಲು.

ದುಡ್ಡು ಕೊಡುವ ಮೊದಲು ಪುಕ್ಕಟೆ ಪರೀಕ್ಷೆ

18-55 ಇದ್ದವರು 50ನ್ನು ಇಂದೇ ಪರೀಕ್ಷಿಸಬಹುದು. ಜೂಮ್ ರಿಂಗನ್ನು 50ಕ್ಕೆ ತಿರುಗಿಸಿ ಒಂದು ಚಿಕ್ಕ ಟೇಪ್ ಅಂಟಿಸಿ, ಒಂದು ದಿನ ಅದರಲ್ಲೇ ತೆಗೆಯಿರಿ. ಜಾಗ ಸಾಕೋ ಇಲ್ಲವೋ ಗೊತ್ತಾಗುತ್ತದೆ. ನನ್ನ ಕ್ಯಾಮೆರಾದಲ್ಲಿ ಹತ್ತು ಅಡಿ ದೂರದಿಂದ 18ರಲ್ಲಿ ಸುಮಾರು 12 ಅಡಿ ಅಗಲ ಕಾಣುತ್ತದೆ, 50ರಲ್ಲಿ ನಾಲ್ಕೂವರೆ ಅಡಿ ಮಾತ್ರ. ಕ್ಯಾಮೆರಾ ಉದ್ದಕ್ಕೆ ಹಿಡಿದರೂ ನಿಂತ ವಧುವಿನ ಪೂರ್ತಿ ಚಿತ್ರಕ್ಕೆ ಸುಮಾರು 13 ಅಡಿ ಹಿಂದೆ ಹೋಗಬೇಕು. ನಿಮ್ಮ ಕೋಣೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ 35 ಮಿ.ಮೀ.ಗೆ ಟೇಪ್ ಹಾಕಿ ನೋಡಿ. ನಿಕಾನ್‌ನಲ್ಲಿ 35 ಮಿ.ಮೀ. ಎಫ್/1.8 ಲೆನ್ಸ್ ಇದೆ.

ಕೊಳ್ಳದೇ ಇರುವುದೂ ಒಂದು ಆಯ್ಕೆ. ಐಎಸ್ಒ 1600ರಿಂದ 6400ಕ್ಕೆ ಏರಿಸಿದರೆ 1/15 ಇದ್ದದ್ದು 1/60 ಆಗುತ್ತದೆ. ಚುಕ್ಕೆಗಳು ಬರುತ್ತವೆ, ಆದರೆ ಚುಕ್ಕೆ ಇರುವ ಸ್ಪಷ್ಟ ಮುಖ ಅಲುಗಿದ ಮುಖಕ್ಕಿಂತ ವಾಸಿ. ಹಗಲಿನಲ್ಲಾದರೆ ಕಿಟಕಿಯ ಪಕ್ಕ ಕೂರಿಸಿದರೂ ಸಾಕು. ಇಷ್ಟರಲ್ಲೇ ತೊಂದರೆ ಮುಗಿದರೆ ಹಣ ಉಳಿಯಿತು. ಎರಡೇ ದಿನದ ಕೆಲಸವಾದರೆ ಬಾಡಿಗೆಗೆ ಸಿಗುತ್ತದೋ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಆದರೆ

ಲೆನ್ಸ್‌ಗಳಿಗೆ ಸಾಮಾನ್ಯವಾಗಿ ಕ್ಯಾಮೆರಾದಷ್ಟು ಬೇಗ ಸವಕಳಿ ಆಗುವುದಿಲ್ಲ. ಆದ್ದರಿಂದ ಹಳೆಯದನ್ನು ಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ನಮ್ಮ ಮಲೆನಾಡಿನ ಮಳೆಗಾಲದ ತೇವದಲ್ಲಿ ಲೆನ್ಸ್ ಒಳಗೆ ಬೂಷ್ಟು ಬೆಳೆಯುತ್ತದೆ. ಮೊಬೈಲ್ ಟಾರ್ಚ್ ಒಂದು ಕಡೆಯಿಂದ ಓರೆಯಾಗಿ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ನಿಮ್ಮ ಕ್ಯಾಮೆರಾಗೆ ಹಾಕಿ, ಹತ್ತಿರ ದೂರ ಎರಡೂ ಫೋಕಸ್ ಆಗುತ್ತದೋ ನೋಡಿ. ನಿಕಾನ್ ಡಿ3500, ಡಿ5600 ಇರುವವರು ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿದೆಯೇ ನೋಡಬೇಕು. ಈ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ 50 ಎಫ್/1.8ಡಿ ಹಾಕಿದರೆ ಪ್ರತಿ ಸಲ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಹೊಸದು ಕೊಳ್ಳುವವರು ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್‌ನ ಖರ್ಚನ್ನೂ ಬಜೆಟ್‌ಗೆ ಸೇರಿಸಿ.

ನನ್ನ ಲೆಕ್ಕ ಹೀಗೆ ನಿಂತಿತು. ಮನಸ್ಸು ಬಹಳ ದಿನದಿಂದ 55-250 ಕೇಳುತ್ತಿತ್ತು, ಮಂಡಗದ್ದೆಯ ಹಕ್ಕಿಗಳಿಗಾಗಿ. ಪುಸ್ತಕ ಹೇಳಿದ್ದು 50 ಎಫ್/1.8. ಟ್ಯೂಷನ್ ಹಣದಲ್ಲಿ ಸೆಕೆಂಡ್ ಹ್ಯಾಂಡ್ 50 ಹುಡುಕುತ್ತಿದ್ದೇನೆ. ಈದಿಯ ಹಣ ಸಿ.ಎ. ಫೌಂಡೇಶನ್‌ಗೆಂದು ಹಾಗೆಯೇ ಇರುತ್ತದೆ. ನಿಕಾಹ್ ದಿನ ಗುಂಪಿಗೆ, ಮೆಹಂದಿಗೆ 18-55, ಮುಖಗಳಿಗೆ 50. ಹೆಂಗಸರ ಕಡೆ ಪ್ರತಿಯೊಬ್ಬರನ್ನೂ ಕೇಳಿಯೇ ಫೋಟೋ ತೆಗೆಯುವುದು, ಕಾರ್ಡನ್ನು ಮನೆಯವರ ಕೈಗೇ ಕೊಡುವುದು ಎಂದು ಅಮ್ಮಿಗೆ ಮಾತು ಕೊಟ್ಟಿದ್ದೇನೆ.

ನಿಮ್ಮ ಪುಸ್ತಕ ಬೇರೆಯೇ ಹೇಳಬಹುದು. ಹಕ್ಕಿ ತೆಗೆಯುವವರಿಗೆ 50 ಕೊಡಿಸಿದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆದ್ದರಿಂದ ಮುಂದಿನ ಸಲ ಯಾರಾದರೂ "ಯಾವ ಲೆನ್ಸ್ ತಗೊಳ್ಳಲಿ?" ಎಂದರೆ, "ಸರಿಯಾಗಿ ಬಾರದ ಐವತ್ತು ಫೋಟೋಗಳ ಅಂಕಿ ಬರೆದುಕೊಂಡು ಬಾ" ಎನ್ನಿ. ಬರೆದು ಮುಗಿಸುವಷ್ಟರಲ್ಲಿ ಅವರಿಗೇ ಉತ್ತರ ಗೊತ್ತಾಗಿರುತ್ತದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ