ಸಾಕುನಾಯಿಯ ಉಣ್ಣೆ: ನಿವಾರಣೆಯ ಕ್ರಮ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತೋಟದ ಮನೆಗಳನ್ನು ಇರುಳೆಲ್ಲ ಕಾಯುವ ನಾಯಿಗೆ ಉಣ್ಣೆಯು ಗುಪ್ತಶತ್ರು. ಅದು ರಕ್ತವನ್ನು ಹೀರುವುದಲ್ಲದೆ ಪ್ರಾಣಾಂತಕ ಜ್ವರವನ್ನೂ ತರಬಲ್ಲುದು. ಆದಕಾರಣ ಕಿವಿ, ಕೊರಳು, ಕಾಲ್ಬೆರಳ ಸಂದುಗಳನ್ನು ನಿತ್ಯವೂ ಪರೀಕ್ಷಿಸತಕ್ಕದ್ದು. ಕಂಡ ಉಣ್ಣೆಯನ್ನು ಚರ್ಮದ ಸಮೀಪದಲ್ಲಿಯೇ ಚಿಮಟದಿಂದ ಹಿಡಿದು, ತಿರುಚದೆ, ನೇರವಾಗಿ ಮೆಲ್ಲನೆ ಎಳೆಯಬೇಕು. ಸೀಮೆಎಣ್ಣೆ ಸವರುವುದು, ಬೆಂಕಿ ತಾಗಿಸುವುದು, ಉಗುರಿನಿಂದ ಹೊಸಕುವುದು ಸಲ್ಲದು. ಕಿತ್ತುದನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಗಾಯವನ್ನೂ ಕೈಯನ್ನೂ ತೊಳೆಯಬೇಕು.

ಇಷ್ಟರಿಂದಲೇ ಕಾರ್ಯ ಮುಗಿಯದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗುದುರಿ, ಗೋಡೆಯ ಬಿರುಕಿನಲ್ಲಿ ಸಾವಿರಾರು ತತ್ತಿಗಳನ್ನಿಡುವುದು. ಆದುದರಿಂದ ನಾಯಿಯ ಮೈಯೊಡನೆ ಅದು ಮಲಗುವ ತಾಣವನ್ನೂ ಶುದ್ಧಗೊಳಿಸಿ, ಬಿರುಕುಗಳನ್ನು ಮುಚ್ಚಬೇಕು. ನಾಯಿ ಆಹಾರ ಬಿಟ್ಟು ಮಂಕಾದರೆ, ಒಸಡು ಬಿಳಚಿಕೊಂಡರೆ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯುವುದು ಸಾಕಿದವರ ಕರ್ತವ್ಯ.