ಕಡಿದ ಧೂಪ ಮತ್ತೆ ಬಂದೀತೆ?

ದೊಡ್ಡ ಮರಗಳನ್ನಷ್ಟೇ ಆರಿಸಿ ಕಡಿದರೆ ಮಳೆಕಾಡು ಎಷ್ಟು ವರ್ಷಕ್ಕೆ ಮೊದಲಿನಂತಾಗುತ್ತದೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಉಪಗ್ರಹದ ಚಿತ್ರವನ್ನೇ ನಂಬುವುದಾದರೆ ಕೆಲವು ಮಳೆಗಾಲ ಸಾಕು. ಮೇಲಿನಿಂದ ನೋಡಿದರೆ ಎಲ್ಲವೂ ಹಸಿರೇ. ಅದಕ್ಕೇ ಆ ಚಿತ್ರಗಳ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನ ಪಾಸ್ಕಲ್ ಮತ್ತು ಪೆಲಿಸಿಯೆ 1990ರ ದಶಕದಲ್ಲಿ ಮರಗಳಿಗೆ ಲೋಹದ ಪಟ್ಟಿ ಸುತ್ತಿದರು. ಪಟ್ಟಿಗೊಂದು ಸ್ಪ್ರಿಂಗು. ಕಾಂಡ ದಪ್ಪವಾದಂತೆ ಪಟ್ಟಿ ಸರಿಯುತ್ತದೆ, ಸರಿದಷ್ಟನ್ನು ತಿಂಗಳು ತಿಂಗಳೂ ಬರೆದಿಟ್ಟುಕೊಳ್ಳಬೇಕು. ಮರ ನೀರು ಹೀರಿ ಉಬ್ಬಿದ್ದೂ ಬೇಸಗೆಯಲ್ಲಿ ಕುಗ್ಗಿದ್ದೂ ಅದರಲ್ಲಿ ದಾಖಲಾಗುತ್ತದೆ. ಪಕ್ಕದಲ್ಲೇ ಹಿಂದೆ ಕಡಿತವಾಗಿದ್ದ ಕಾಡೂ ಇತ್ತು. ಎರಡನ್ನೂ ಹೋಲಿಸಿ ಅವರು 1998ರಲ್ಲಿ ಪ್ರಬಂಧ ಬರೆದರು.

ಅಲ್ಲಿನ ಎತ್ತರದ ಮರಗಳಲ್ಲಿ ಧೂಪ ಮುಖ್ಯ, ಪ್ಲೈವುಡ್‌ನವರಿಗೆ ಅಚ್ಚುಮೆಚ್ಚು. ಇದರ ಬೀಜವನ್ನು ಕೂಡಿಡಲಾಗದು. ಮಳೆಗೆ ಉದುರಿದ್ದು ಬೇಗನೆ ಮೊಳೆಯಬೇಕು, ಇಲ್ಲವಾದರೆ ಕೆಟ್ಟಿತು. ಮೊಳೆತ ಸಸಿಗಳು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತವರಂತೆ ನೆರಳಲ್ಲಿ ವರ್ಷಗಟ್ಟಲೆ ಕಾಯುತ್ತವೆ, ವಿತರಣೆಯಾಗುವುದು ಬೆಳಕು. ದೊಡ್ಡ ಮರ ಬಿದ್ದು ಬೆಳಕು ಬಂದಾಗ ಸಾಲಿನಲ್ಲಿ ಇದ್ದವರಿಗಷ್ಟೇ ಪಾಲು. ದಿಮ್ಮಿ ಎಳೆಯುವಾಗ ಸಾಲನ್ನೇ ತುಳಿದುಹಾಕಿದ್ದರೆ, ಬೀಜ ಬೀಳಿಸಬೇಕಾದ ತಾಯಿಮರವನ್ನೂ ಕಡಿದಿದ್ದರೆ, ಆ ಪಾಲು ಉಪ್ಪಳಿಗೆಗೆ. ತೊಟ್ಟು ಎಲೆಯ ಅಂಚಿಗಲ್ಲದೆ ಹೊಟ್ಟೆಗೇ ಅಂಟಿರುವ ಆ ಅಗಲೆಲೆಯ ಮರವನ್ನು ರಸ್ತೆಯಂಚಿನಲ್ಲಿ ಎಲ್ಲರೂ ನೋಡಿರುತ್ತಾರೆ. ಸರಸರ ಬೆಳೆಯುತ್ತದೆ, ಕಟ್ಟಿಗೆ ಹಗುರ. ಉಪಗ್ರಹಕ್ಕೆ ಕಂಡ ಹಸಿರಿನಲ್ಲಿ ಇಂಥದ್ದೂ ಸೇರಿರುತ್ತದೆ.

ಕೈಹಾಕಿದರೆ ಚೇತರಿಕೆ ಬೇಗವಾದೀತೆ? ಮಲೇಷ್ಯಾದ ಸಬಾ ರಾಜ್ಯದ ಡಾನಮ್ ಕಣಿವೆಯ ಸುತ್ತ, 1980ರ ದಶಕದಲ್ಲಿ ಕಡಿದಿದ್ದ ಕಾಡಿನ ಒಂದು ಭಾಗದಲ್ಲಿ ಬಳ್ಳಿ ಕತ್ತರಿಸಿ ಧೂಪದ ಕುಟುಂಬದವೇ ಆದ ಸಸಿಗಳನ್ನು ನೆಟ್ಟರು, ಉಳಿದದ್ದನ್ನು ಅದರ ಪಾಡಿಗೆ ಬಿಟ್ಟರು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆಕ್ಕ ಬಂತು: ಬಿಟ್ಟ ಕಾಡು ಹೆಕ್ಟೇರಿಗೆ ವರ್ಷಕ್ಕೆ 2.9 ಟನ್ ಇಂಗಾಲ ಸೇರಿಸಿಕೊಂಡರೆ, ನೆಟ್ಟದ್ದು 4.4 ಟನ್. ಅರುವತ್ತು ವರ್ಷದ ಚೇತರಿಕೆ ನಲವತ್ತಕ್ಕಿಳಿಯಿತು. ಅಂದಾಜು ಒಳ್ಳೆಯದೇ, ಆದರೆ ಅದು ಇಂಗಾಲದ್ದು. ಇಂಗಾಲದ ಕ್ರೆಡಿಟ್ ಮಾರುವವರು ಈ ಮಾತನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ಕಾಡೆಂದರೆ ಇಂಗಾಲವಷ್ಟೇ ಅಲ್ಲ. ಮಂಗಟ್ಟೆ ಹಕ್ಕಿಗೆ ಗೂಡಿಗೆ ಬೇಕಾದ ಪೊಟರೆ ಹಳೆಯ ದಪ್ಪ ಮರದಲ್ಲೇ ಆಗಬೇಕು. ಕಾಡುಜಾಯಿಕಾಯಿಯ ಬೀಜವನ್ನು ದೂರ ಒಯ್ದು ಉಗುಳುವುದು ಮುಖ್ಯವಾಗಿ ಆ ಹಕ್ಕಿಯೇ.