ಬಸ್ಸು ನಿಂತರೆ ಗಡಿ ಸೋತಂತೆ

ಬೆಳಗಾವಿಯ ಗಡಿ ಎಂದೊಡನೆ ಕರ್ನಾಟಕ–ಮಹಾರಾಷ್ಟ್ರ ಗಡಿ ಕುರಿತ ಮಹಾಜನ ಆಯೋಗದ ವರದಿ, ಸುಪ್ರೀಂ ಕೋರ್ಟಿನ ದಾವೆ, ನವೆಂಬರ್ 1ರ ಬಂದೋಬಸ್ತ್ ನೆನಪಾಗುತ್ತವೆ. ಆದರೆ ಗಡಿ ಕೆಟ್ಟಿದೆಯೆಂಬ ಸುದ್ದಿ ಮೊದಲು ಮುಟ್ಟುವುದು ಬಸ್ ನಿಲ್ದಾಣಕ್ಕೆ. 2022ರ ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರುವರಿಯಲ್ಲಿ, ಮರಾಠಿಯಲ್ಲಿ ಮಾತಾಡಲಿಲ್ಲವೆಂದು ಬೆಳಗಾವಿ ತಾಲ್ಲೂಕಿನಲ್ಲಿ ಕಂಡಕ್ಟರ್ ಒಬ್ಬರಿಗೆ ಹೊಡೆದರೆಂಬ ದೂರು ಬಂತು. ಮಹಾರಾಷ್ಟ್ರದ ಬಸ್ಸಿಗೆ ಚಿತ್ರದುರ್ಗದಲ್ಲಿ ಮಸಿ ಬಿತ್ತು. ಎರಡೂ ಸಲ ಗಡಿ ದಾಟುವ ಬಸ್ಸುಗಳು ನಿಂತವು. ಕಲ್ಲೆಸೆದವರು ಕಳೆದುಕೊಂಡದ್ದೇನೂ ಇಲ್ಲ. ಮಹಾರಾಷ್ಟ್ರದ ಚಂದಗಡದಿಂದ ಬೆಳಗಾವಿಯ ಆಸ್ಪತ್ರೆಗೆ ಬರುವ ರೋಗಿ, ಕೊಲ್ಹಾಪುರಕ್ಕೆ ಹೋಗುವ ಕೂಲಿಯವರು ದಾರಿ ಕಾಯುತ್ತ ಕೂತರು.

ಇಂಥದ್ದನ್ನು ತಡೆಯಲು ಪ್ರಯತ್ನವೇ ಆಗಿಲ್ಲವೆನ್ನಲಾಗದು. 2022ರ ನವೆಂಬರ್‌ನಲ್ಲಿ ಎರಡೂ ರಾಜ್ಯಗಳ ರಾಜ್ಯಪಾಲರು ಗಡಿ ಜಿಲ್ಲೆಗಳ ಅಧಿಕಾರಿಗಳನ್ನು ಕೊಲ್ಹಾಪುರದಲ್ಲಿ ಕೂಡಿಸಿದರು. ತಿಂಗಳೊಪ್ಪತ್ತಿನಲ್ಲಿ ಕಲ್ಲು ಬಿದ್ದವು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಗೆ ಕರೆಸಿದರು. ತಲಾ ಮೂವರು ಸಚಿವರ ಸಮಿತಿ, ಕಾನೂನು ಸುವ್ಯವಸ್ಥೆಗೆ ಹಿರಿಯ ಐಪಿಎಸ್ ಅಧಿಕಾರಿಯ ನೇತೃತ್ವದ ಇನ್ನೊಂದು ಸಮಿತಿ ಎಂದು ತೀರ್ಮಾನವಾಯಿತು. 2025ರಲ್ಲಿ ಮತ್ತೆ ಬಸ್ಸು ನಿಂತಿತು. ಗಲಾಟೆಯಾದ ಮೇಲೆ ದೊಡ್ಡವರು ಕೂಡುವುದರಿಂದ ಗಡಿ ಉಳಿಯದು. ಬೆಳಗಾವಿ, ಕೊಲ್ಹಾಪುರ, ಸಿಂಧುದುರ್ಗ, ಗೋವಾದ ಜಿಲ್ಲಾಧಿಕಾರಿಗಳು, ಎಸ್‌ಪಿಗಳು ಗಲಾಟೆಯಿಲ್ಲದ ದಿನವೂ ತಿಂಗಳಿಗೊಮ್ಮೆ ಕೂಡಬೇಕು. ಸುಳ್ಳು ಸುದ್ದಿ ಹರಿದ ರಾತ್ರಿಯೇ ಒಬ್ಬರಿಗೊಬ್ಬರು ಫೋನ್ ಮಾಡಬೇಕು.

ಹೀಗೆ ಕೂಡಿದರೆ ಕೆಲಸ ಆಗುತ್ತದೆಂಬುದಕ್ಕೆ ಕೃಷ್ಣೆಯೇ ಸಾಕ್ಷಿ. 2019ರ ಮಹಾಪೂರದಲ್ಲಿ ಚಿಕ್ಕೋಡಿ ಭಾಗವೂ ಸಾಂಗಲಿಯೂ ಒಟ್ಟಿಗೆ ಮುಳುಗಿದವು. ನೆರೆ ನಿಭಾಯಿಸಲು ಅಣೆಕಟ್ಟುಗಳ ಒಳಹರಿವು ಹೊರಹರಿವಿನ ಮಾಹಿತಿಯನ್ನು ಆಗಿಂದಾಗಲೇ ಹಂಚಿಕೊಳ್ಳುವುದೆಂದು 2021ರ ಜೂನ್‌ನಲ್ಲಿ ಎರಡೂ ಸರ್ಕಾರಗಳು ಬೆಂಗಳೂರಿನಲ್ಲಿ ಮಾತಾಡಿಕೊಂಡವು. ಗಡಿ ದಾವೆ ಆಗಲೂ ಕೋರ್ಟಿನಲ್ಲಿತ್ತು. ಅದು ಈ ಮಾತಿಗೆ ಅಡ್ಡ ಬರಲಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರಕ್ಕಂತೂ ಈ ಸಹಕಾರ ಇನ್ನೂ ಹತ್ತಿರದ ಮಾತು. ಅಲ್ಲಿಯ ಕಾಡಿನಿಂದ ಹೊರಟ ಆನೆ ಚಂದಗಡದ ಕಬ್ಬಿಗೂ ತಿಲ್ಲಾರಿಯ ಬಾಳೆಗೂ ಹೋಗುತ್ತದೆ. ಭೀಮಗಡದ ಹುಲಿಗೆ ಗೋವಾದ ಮಹದಾಯಿ ಅಭಯಾರಣ್ಯ ಪಕ್ಕದ ಕಾಡು. 2020ರ ಜನವರಿಯಲ್ಲಿ ಅಲ್ಲಿ ತಾಯಿಹುಲಿಯೂ ಮೂರು ಮರಿಗಳೂ ವಿಷಕ್ಕೆ ಸತ್ತವು. ಮೂರು ರಾಜ್ಯಗಳ ಅರಣ್ಯ ಸಿಬ್ಬಂದಿ ಪರಸ್ಪರ ಸುದ್ದಿ ಮುಟ್ಟಿಸದೆ ಆನೆಯನ್ನೂ ಕಾಯಲಾಗದು, ಬೆಳೆಯನ್ನೂ ಕಾಯಲಾಗದು.

ಹೀಗೆ ಕೈಜೋಡಿಸಿದರೆ ನಮ್ಮ ಹಕ್ಕು ಸಡಿಲವಾಗದೇ ಎಂದು ಕೇಳುವವರಿದ್ದಾರೆ. ಆ ಆತಂಕಕ್ಕೆ ಕಾರಣವಿದೆ. 1967ರ ಮಹಾಜನ ವರದಿ ಬೆಳಗಾವಿಯನ್ನು ನಮಗೇ ಉಳಿಸಿದರೂ ಖಾನಾಪುರ, ನಂದಗಡ, ನಿಪ್ಪಾಣಿಗಳನ್ನು ಬಿಟ್ಟುಕೊಡಲು ಹೇಳಿತ್ತು. ಅದನ್ನು ತಳ್ಳಿಹಾಕಿದ ಮಹಾರಾಷ್ಟ್ರ 2004ರಲ್ಲಿ ಕೋರ್ಟಿಗೆ ಹೋಯಿತು; 2023ರಲ್ಲಿ ತಾನು ಕೇಳುತ್ತಿರುವ 865 ಊರುಗಳಿಗೆ ತನ್ನ ಆರೋಗ್ಯ ಯೋಜನೆಯನ್ನೇ ವಿಸ್ತರಿಸಿತು. ನೆರವಿನ ಹೆಸರಿನಲ್ಲಿ ಹಕ್ಕು ಸಾಧಿಸುವ ಆ ನಡೆಯನ್ನು ಕರ್ನಾಟಕ ವಿರೋಧಿಸಿದ್ದು ಸರಿಯೇ. ಆದರೆ ಒಬ್ಬರನ್ನೊಬ್ಬರು ಕೇಳದೆ ಒಳನುಗ್ಗುವುದು ಬೇರೆ, ಎರಡೂ ಸರ್ಕಾರಗಳ ಒಪ್ಪಿಗೆಯಿಂದ ಅಧಿಕಾರಿಗಳು ಕೂಡಿ ಕೆಲಸ ಮಾಡುವುದು ಬೇರೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ನೀರಿನ ಲೆಕ್ಕ ಕೇಳಿದ್ದರಿಂದ ಒಂದು ಗುಂಟೆ ನೆಲವೂ ಕೈಬಿಡಲಿಲ್ಲ. ನೆಲದ ಪ್ರಶ್ನೆಯನ್ನು ಕೋರ್ಟು ತೀರ್ಮಾನಿಸಲಿ. ಬಸ್ಸು ಓಡಿಸುವುದಕ್ಕೆ ಆ ತೀರ್ಪಿನವರೆಗೆ ಕಾಯಬೇಕಿಲ್ಲ. ಸುವರ್ಣ ವಿಧಾನಸೌಧದ ಮುಂದಿನ ಅಧಿವೇಶನದೊಳಗೆ ಸರ್ಕಾರ ತಿಂಗಳಿಗೊಮ್ಮೆಯ ಈ ಸಭೆಗೆ ಮೊದಲ ದಿನಾಂಕ ಗೊತ್ತುಮಾಡಲಿ.